ಬಲಕ್ಕೆ ತಿರುಗಿದ ಗಾಳಿಗಿರಣಿ

ಖಾನಾಪುರ ದಾಟಿ ಜಾಂಬೋಟಿ ರಸ್ತೆ ಹಿಡಿದರೆ, ಗೋಡಂಬಿ ಗಿಡಗಳ ಸಾಲು ಮುಗಿಯುವಲ್ಲಿ ಹಾಲೆಂಡ್ ನಮೂನೆಯ ಒಂದು ಗಾಳಿಗಿರಣಿ ಕಾಣುತ್ತದೆ. ಗೋವಾಕ್ಕೆ ಹೋಗುವವರು ಕಾರು ನಿಲ್ಲಿಸಿ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇದೆ. ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಗಿರಣಿಯ ಇತಿಹಾಸ ಬರೆಸಿದ್ದಾರೆ. ಮೊದಲನೆಯದನ್ನು ಕಟ್ಟಿಗೆಯಲ್ಲಿ ಮಾಡಿದ್ದು, ಮಳೆಗೆ ಹಾಳಾಯಿತು. ಎರಡನೆಯದನ್ನು ಕಬ್ಬಿಣದಲ್ಲಿ ಮಾಡಿದ್ದು, ಗಾಳಿಗೆ ಬಿತ್ತು. ಈಗ ನಿಂತಿರುವುದು ಮೂರನೆಯದು.

ಹಲಗೆಯಲ್ಲಿ ಒಂದು ಸುಳ್ಳಿದೆ. ಎರಡನೆಯ ಗಿರಣಿ ಗಾಳಿಗೆ ಬಿದ್ದದ್ದಲ್ಲ, ನನ್ನಿಂದ ಬಿತ್ತು. ಗಿರಣಿ ಇರುವ ತೋಟದ ಒಡೆಯರಾದ ಸಾಹೇಬರಿಗೂ ಅದು ಗೊತ್ತು. ನನ್ನ ಮರ್ಯಾದೆ ಉಳಿಸಲು ಹಾಗೆ ಬರೆಸಿದ್ದಾರೆ. ಆದರೆ ಏನೂ ಮಾಡದ ಗಾಳಿಯ ಮೇಲೆ ಅಪವಾದ ಹೊರಿಸುವುದು ನನಗೆ ಸರಿ ಕಾಣಲಿಲ್ಲ. ಗಿರಣಿ ಬಿದ್ದರೆ ಮತ್ತೆ ಎಬ್ಬಿಸಬಹುದು. ಅದರ ಜೊತೆ ನನ್ನ ಅಣ್ಣನಿಗೆ ತನ್ನ ಕೈಯ ಮೇಲೆ ಇದ್ದ ಭರವಸೆಯೂ ಬಿತ್ತು. ಅದನ್ನು ಬೀಳಿಸಿದವಳೂ ನಾನೇ, ಬಿದ್ದದ್ದನ್ನು ಆರು ತಿಂಗಳು ಸುಮ್ಮನೆ ನೋಡುತ್ತ ಕುಳಿತವಳೂ ನಾನೇ.

ಬೆಳಗಾವಿಯ ಆಟೋ ನಗರದಲ್ಲಿ ಅಣ್ಣನ ಶೆಡ್ಡು ಇದೆ. ಲಾರಿಗೆ ಬಾಡಿ ಕಟ್ಟುವುದು, ಟ್ರ್ಯಾಕ್ಟರಿಗೆ ಟ್ರೇಲರ್ ಮಾಡುವುದು ಅವನ ಕೆಲಸ. ಅದೇ ಶೆಡ್ಡಿನ ಮೂಲೆಯಲ್ಲಿ ಕುಳಿತು ನಾನು ಲಾರಿಯ ತಾಡಪತ್ರಿ, ಸೀಟಿನ ಹೊದಿಕೆ ಹೊಲಿಯುತ್ತೇನೆ. ನಾನು ಕಲಿತದ್ದು ಐದನೇ ಇಯತ್ತೆ, ಅಣ್ಣ ಏಳನೇ. ಗಂಡನ ಮನೆ ನನಗೆ ಒಗ್ಗದೆ ವರ್ಷದೊಳಗೆ ತಿರುಗಿ ಬಂದಾಗ ಅಣ್ಣ ಯಾಕೆ ಬಂದೆ ಎಂದು ಕೇಳಲಿಲ್ಲ. ಮೂರನೆಯ ದಿನ ಎಲ್ಲಿಂದಲೋ ಒಂದು ಹಳೆಯ ಹೊಲಿಗೆ ಮಷಿನ್ ತಂದು ಶೆಡ್ಡಿನಲ್ಲಿ ಇಳಿಸಿ, “ಬೆಳಕ ಈ ಕಡೆ ಛಲೋ ಬರತೈತಿ, ಇಲ್ಲೇ ಕುಂದ್ರು” ಅಂದ. ಅಷ್ಟೇ ಮಾತು.

ಆಟೋ ನಗರದಲ್ಲಿ ಅಣ್ಣನಿಗೆ ಒಂದು ಹೆಸರಿತ್ತು. ಟೇಪು ಅವನ ಕಿಸೆಯಲ್ಲೇ ಇರುತ್ತಿತ್ತು, ಹೊರಗೆ ಬರುತ್ತಿದ್ದದ್ದು ಕಡಿಮೆ. ಕಬ್ಬಿಣದ ಪಟ್ಟಿಯನ್ನು ಒಂದು ಸಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ, ಕತ್ತರಿಸುತ್ತಿದ್ದ. ಆಮೇಲೆ ಅಳೆದು ನೋಡಿದವರು ಸುಮ್ಮನೆ ಟೇಪು ಮಡಚಿ ಇಡುತ್ತಿದ್ದರು. ಪಕ್ಕದ ಶೆಡ್ಡಿನವರು ಕೂಡ, “ಮಿಸ್ತ್ರಿ, ಇದರ ಮ್ಯಾಲ ಒಂದ ಸಲ ಕಣ್ಣ ಆಡಸ್ರಿ” ಎಂದು ಕರೆದೊಯ್ಯುತ್ತಿದ್ದರು.

ಸಾಹೇಬರು ಬಂದದ್ದು ಆ ಹೆಸರು ಕೇಳಿಯೇ. ಅವರು ಖಾನಾಪುರ ಕಡೆಯ ಮರಾಠಿ ಮನೆತನದವರು. ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವ ನೌಕರಿ ಮಾಡಿ ನಿವೃತ್ತರಾಗಿದ್ದರು. ಪಾಕೀಟಿನಿಂದ ಒಂದು ಫೋಟೊ ತೆಗೆದು ಅಣ್ಣನ ಕೈಗೆ ಕೊಟ್ಟರು.

“ಮಿಸ್ತ್ರಿ, ಇದನ್ನ ಮತ್ತ ಎಬ್ಬಿಸಬೇಕು.”

ಅಣ್ಣ ಫೋಟೊವನ್ನು ದೂರ ಹಿಡಿದ, ಹತ್ತಿರ ಹಿಡಿದ. “ಇದೇನ್ರಿ ಸಾಹೇಬ್ರ, ಗುಡಿಗೆ ಫ್ಯಾನ್ ಕೂಡಿಸಿದಂಗ ಐತಿ.”

“ನಮ್ಮೂರ ಮಂದಿನೂ ಹಂಗ ಅಂತಾರ. ಪಂಖ್ಯಾಚಾ ಬಂಗ್ಲಾ ಅಂತ ಹೆಸರ ಇಟ್ಟಾರ.” ಫ್ಯಾನಿನ ಬಂಗಲೆ ಎಂದು ಅದರ ಅರ್ಥ.

ಚಹಾ ಬಂತು. ಸಾಹೇಬರು ಕತೆ ಹೇಳಿದರು. ಹಾಲೆಂಡಿನಲ್ಲಿ ನೆಲ ಸಮುದ್ರಕ್ಕಿಂತ ತಗ್ಗಂತೆ. ಇಂಥ ಗಿರಣಿಗಳು ಹಗಲೂ ರಾತ್ರಿ ನೀರು ಎತ್ತಿ ಹೊರಗೆ ಹಾಕಿದ್ದರಿಂದಲೇ ಅಲ್ಲಿ ಹೊಲಗಳಾದವಂತೆ. ಅವರ ಹಡಗು ನಿಲ್ಲುತ್ತಿದ್ದ ಊರಿನಲ್ಲಿ ಒಂದು ಹಳೆಯ ಗಿರಣಿ ಬೆಂಕಿಗೆ ಸುಟ್ಟು ಹೋಗಿತ್ತಂತೆ. ಊರವರು ಕೂಡಿ ಮತ್ತೆ ಕಟ್ಟಿದರು. ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದರೆ, ಸುಟ್ಟು ಹೋದ ಗಿರಣಿಯ ವಯಸ್ಸನ್ನೇ ಹೇಳುತ್ತಾರಂತೆ. “ಹೊಸಾದು ಅಂದ್ರ ಅವರಿಗೆ ಸಿಟ್ಟ ಬರತೈತಿ” ಎಂದರು ಸಾಹೇಬರು.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಚಹಾದ ಲೋಟ ತೆಗೆದುಕೊಳ್ಳುತ್ತ, “ನಮ್ಮ ಮನಿಯವರ ಸ್ಕೂಟರಿಗೂ ಹಂಗ ಅನ್ನಬೇಕ್ರಿ. ಹ್ಯಾಂಡಲ್ ಒಂದ ಹಳೇದ ಉಳದೈತಿ” ಅಂದಳು.

ಸಾಹೇಬರು ನಿವೃತ್ತರಾದ ಹೊಸದರಲ್ಲಿ ಇಟ್ಟಿಗೆಯ ಗೋಪುರ ಕಟ್ಟಿಸಿ, ಮೇಲೆ ಖಾನಾಪುರದ ಹಂಚು ಹೊದಿಸಿ, ಹಲಸಿನ ಕಟ್ಟಿಗೆಯ ನಾಲ್ಕು ರೆಕ್ಕೆ ಮಾಡಿಸಿದ್ದರು. ಎರಡು ವರ್ಷ ತಿರುಗಿತು. ಕಣಕುಂಬಿ ಕಡೆಯಿಂದ ಬರುವ ಮಳೆ ಎಂಥದೆಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮೂರನೆಯ ವರ್ಷ ರೆಕ್ಕೆಗಳು ಕೊಳೆತು ಕಳಚಿದವು. ಗೋಪುರದೊಳಗೆ ಕೋಳಿಗಳು ಸಂಸಾರ ಹೂಡಿದವು. ಈಗ ಹೊಸ ರೆಕ್ಕೆ ಬೇಕು, ಬಾವಿಯಿಂದ ಬಾತುಕೋಳಿಯ ಹೊಂಡಕ್ಕೆ ನೀರು ಎತ್ತುವ ಪಂಪಿಗೆ ಅದರ ಜೋಡಣೆ ಆಗಬೇಕು. ಅಣ್ಣ ಫೋಟೊದ ಮೇಲೆ ಬೆರಳಿಟ್ಟು, “ಆಗತೈತಿ” ಅಂದ.

ಕೆಲಸ ಸುರುವಾಯಿತು. ರೆಕ್ಕೆಯ ಚೌಕಟ್ಟು ಕಬ್ಬಿಣದ್ದು, ಅದರ ಮೇಲೆ ಬಿಗಿಯುವ ಬಟ್ಟೆ ನನ್ನದು. ದಪ್ಪ ಬಿಳಿ ಕ್ಯಾನ್ವಾಸ್ ತರಿಸಿ, ಅಂಚಿಗೆಲ್ಲ ಹಿತ್ತಾಳೆಯ ರಿಂಗ್ ಬಡಿದು, ಎರಡೆರಡು ಹೊಲಿಗೆ ಹಾಕಿದೆ. ಲಾರಿಯ ಲೋಡಿನ ಮೇಲೆ ಕುಳಿತು ಊರೂರು ತಿರುಗುವ ತಾಡಪತ್ರಿಯನ್ನೇ ಹೊಲಿಯುತ್ತ ಬಂದವಳಿಗೆ, ಮಂದಿ ನಿಂತು ನೋಡುವಂಥದ್ದನ್ನು ಹೊಲಿಯುವ ಯೋಗ ಅದೇ ಮೊದಲು. ಬಹಳ ಹಿಗ್ಗಿನಲ್ಲಿದ್ದೆ.

ಅಣ್ಣ ಮೊದಲು ತಗಡಿನಲ್ಲಿ ಒಂದು ಚಿಕ್ಕ ನಮೂನೆ ಮಾಡಿ ಟೇಬಲ್ ಫ್ಯಾನಿನ ಮುಂದೆ ಹಿಡಿದ. ಅದು ತಿರುಗಿದ್ದು ಎಡಕ್ಕೆ. ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ.

“ಅಣ್ಣಾ, ಇದ ಎಡಸುತ್ತ ತಿರುಗಾಕ ಹತ್ತೇತಿ” ಅಂದೆ.

“ಹಾಲೆಂಡಿನ್ಯಾಗ ಎಲ್ಲಾ ಹಂಗ ತಿರುಗತಾವಂತ. ಸಾಹೇಬ್ರ ಹೇಳ್ಯಾರ.”

“ಅವರಿಗೆ ನಡೀತೈತಿ. ನಮಗ ಎಡಸುತ್ತ ಅಂದ್ರ ಯಾವಾಗ? ಮಣ್ಣಿಗೆ ಹೋದಾಗ. ಮನ್ಯಾಗ ಹುಡುಗಿ ಲಗ್ನ ಇಟಗೊಂಡು ಇಂಥಾದ ಮಾಡ್ತಿಯೇನ?”

ಅಣ್ಣನ ಮಗಳ ಮದುವೆ ನಿಶ್ಚಯವಾಗಿತ್ತು. ಗಿರಣಿ ನಿಲ್ಲಿಸುವ ದಿನಕ್ಕೂ ಮದುವೆಗೂ ನಡುವೆ ಹನ್ನೆರಡು ದಿನ. ಗುಡಿಗೆ ಸುತ್ತು ಬಂದರೂ ಬಲಕ್ಕೆ, ಆರತಿ ಬೆಳಗಿದರೂ ಬಲಕ್ಕೆ. ಎಡಕ್ಕೆ ಸುತ್ತುವುದು ಹೆಣಕ್ಕೆ ಮಾತ್ರ ಎಂದು ಕೇಳಿ ಬೆಳೆದವಳು ನಾನು. ನಾನೇ ಹೊಲಿದ ಬಟ್ಟೆ, ಅದೂ ಬಿಳಿ, ಊರ ಕಣ್ಣೆದುರು ದಿನವಿಡೀ ಎಡಸುತ್ತು ಹಾಕುತ್ತ ಇರುವುದು ನನ್ನ ಎದೆಯಲ್ಲಿ ಇಳಿಯಲಿಲ್ಲ.

ಅಣ್ಣ ನಕ್ಕ. “ಗಾಳಿಗೆ ಎಡಾ ಬಲಾ ಏನ ಗೊತ್ತಬೇ? ಸುಮ್ನ ರಿಂಗ್ ಬಡಿ.”

ಅದೇ ವಾರ ಅವನು ಲೇತಿನವನಿಗೆ ಒಂದು ದೊಡ್ಡ ನಟ್ಟಿನ ವಿಷಯ ತಿಳಿಸಿ ಹೇಳುತ್ತಿದ್ದದ್ದೂ ನನ್ನ ಕಿವಿಗೆ ಬಿದ್ದಿತ್ತು. “ರೆಕ್ಕಿ ಯಾ ಕಡೆ ತಿರುಗತೈತೋ ಆ ಕಡೆನ ನಟ್ ಎಳಕೊಂಡ ಹೋಗತೈತಿ. ಇದ ಎಡಕ್ಕ ತಿರುಗೂದು. ಅದಕ್ಕ ಉಲ್ಟಾ ನಟ್ ಮಾಡು, ಎಡಕ್ಕ ತಿರುವಿದ್ರ ಬಿಗಿ ಆಗಬೇಕು. ಆಗ ತಿರುಗಿದಷ್ಟೂ ಗಟ್ಟಿ.” ನಾಲ್ಕೂ ರೆಕ್ಕೆಗಳನ್ನು ಗೋಪುರದ ಮೇಲೆ ಹಿಡಿದಿಡುವ ನಟ್ ಅದು. ನಾನು ಕೇಳಿಸಿಕೊಂಡೆ, ಮಷಿನ್ ತುಳಿಯುತ್ತ ಮರೆತೆ. ಶಕುನ ನೋಡುವ ತಲೆಗೆ ನಟ್ಟಿನ ಮಾತು ಯಾತಕ್ಕೆ ಬೇಕು?

ರೆಕ್ಕೆ ಏರಿಸುವ ದಿನ ಬಂತು. ತೋಟದ ನೆಲದ ಮೇಲೆ ನಾಲ್ಕನ್ನೂ ಹರವಿ ಇಟ್ಟಿದ್ದರು. ಪ್ರತಿ ರೆಕ್ಕೆಯ ಬುಡಕ್ಕೆ ಒಂದು ಓರೆ ಪಟ್ಟಿ ಇತ್ತು. ಆ ಪಟ್ಟಿ ಯಾವ ಕಡೆ ವಾಲಿದೆಯೋ ಅದರ ಮೇಲೆ ರೆಕ್ಕೆ ತಿರುಗುವ ದಿಕ್ಕು. ಅಣ್ಣ ಎಲ್ಲವನ್ನೂ ಬಿಗಿದು, ಪಟ್ಟಿಯ ಪಕ್ಕ ಸೀಮೆಸುಣ್ಣದಲ್ಲಿ ಒಂದೊಂದು ಬಾಣದ ಗುರುತು ಹಾಕಿ, ಕ್ರೇನ್ ಕರೆತರಲು ಖಾನಾಪುರಕ್ಕೆ ಹೋದ. ಸಾಹೇಬರು ಊರ ಮಂದಿಯನ್ನು ಕರೆಯಲು ಹೋದರು. ನಾನು ಬಟ್ಟೆ ಬಿಗಿಯುತ್ತ ಒಬ್ಬಳೇ ಉಳಿದೆ.

ಒಂದು ಪಟ್ಟಿಗೆ ಎರಡು ಬೋಲ್ಟ್. ಶೆಡ್ಡಿನಲ್ಲಿ ಇಷ್ಟು ವರ್ಷ ಕುಳಿತವಳಿಗೆ ಬೋಲ್ಟ್ ಬಿಚ್ಚುವ ಪಾನಾ ಹಿಡಿಯಲು ಬಾರದೇ ಇರುತ್ತದೆಯೇ? ಬಿಚ್ಚಿದೆ, ಪಟ್ಟಿ ತಿರುವಿದೆ, ಬಿಗಿದೆ. ನಾಲ್ಕೂ ಮುಗಿಯಲು ಅರ್ಧ ತಾಸು ಹಿಡಿಯಿತು. ಬಾಣದ ಗುರುತುಗಳು ಎದ್ದು ಕಾಣುತ್ತಿದ್ದವು. ಹಸಿ ಅರಿವೆಯಿಂದ ಅವನ್ನೂ ಒರೆಸಿದೆ. ಪಟ್ಟಿ ತಿರುವಿದ್ದಕ್ಕೆ ನನ್ನ ಬಳಿ ಒಂದು ಕಾರಣವಾದರೂ ಇತ್ತು. ಒರೆಸಿದ್ದಕ್ಕೆ ಕಳ್ಳತನ ಬಿಟ್ಟರೆ ಬೇರೆ ಹೆಸರಿಲ್ಲ.

ಕ್ರೇನ್ ಬಂತು, ರೆಕ್ಕೆ ಏರಿದವು, ಕ್ರೇನ್ ಹೋಯಿತು. ಹಗ್ಗ ಬಿಚ್ಚಿದ ಕೂಡಲೇ ಗಿರಣಿ ನಿಧಾನವಾಗಿ, ಗಂಭೀರವಾಗಿ, ಬಲಕ್ಕೆ ತಿರುಗಿತು. ಹೊಂಡಕ್ಕೆ ನೀರು ಬಿತ್ತು. ಬಾತುಕೋಳಿಗಳು ಗದ್ದಲ ಮಾಡಿದವು. ಊರ ಮಂದಿ ಬೆಲ್ಲ ಶೇಂಗಾ ತಿನ್ನುತ್ತ ಚಪ್ಪಾಳೆ ತಟ್ಟಿದರು. ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಣ್ಣ ಮಾತ್ರ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. “ಬಲಕ್ಕ ಹೊಂಟೇತಲ್ಲ. ನಾ ಪಟ್ಟಿ ಉಲ್ಟಾ ಹಾಕಿದ್ನೇನ? ಬಾಣಾ ಹಾಕಿದ್ದೆ ಅನಸ್ತೈತಿ.” ಏಣಿ ಹತ್ತಿ ಹೋಗಿ ನೋಡಿದ. ಬಾಣ ಇರಲಿಲ್ಲ. ಇಳಿದು ಬಂದಾಗ ಅವನ ಮುಖ ನೋಡಿದೆ. ಕಿಸೆಯಲ್ಲಿಟ್ಟ ವಸ್ತು ಕಾಣದಾದವರ ಮುಖ ಹಾಗಿರುತ್ತದೆ.

“ಯಾ ಕಡೆ ತಿರುಗಿದ್ರೇನು, ನೀರ ಬರಾಕ ಹತ್ತೇತಲ್ಲ” ಎಂದರು ಸಾಹೇಬರು.

“ನಟ್ ಸಡ್ಲ ಆಗತೈತ್ರಿ. ಸದ್ಯಕ್ಕ ಪಿನ್ ಹಾಕೇನಿ. ಮಗಳ ಲಗ್ನ ಮುಗಿಸಿ ಬಂದ ಕೆಳಗ ಇಳಸ್ತೇನಿ. ಅಲ್ಲೀತನಾ ಹಗ್ಗ ಕಟ್ಟಿ ಇಡ್ರಿ, ತಿರುಗಾಕ ಬಿಡಬ್ಯಾಡ್ರಿ.”

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಮದುವೆ ಮುಗಿಯಲಿ ಅಂದುಕೊಂಡೆ.

ಹನ್ನೊಂದನೆಯ ದಿನ, ಮನೆಯಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವಾಗ ಫೋನ್ ಬಂತು. ಹೆಂಗಸರು ಅಣ್ಣನನ್ನೂ ಹಿಡಿದು ಮುಖಕ್ಕೆಲ್ಲ ಬಳಿದಿದ್ದರು. ಅವನು ಅದೇ ಹಳದಿ ಮುಖದಲ್ಲಿ ಸ್ಕೂಟರ್ ಹತ್ತಿದ. ನಾನೂ ಹಿಂದೆ ಕುಳಿತೆ. ದಾರಿಯಲ್ಲಿ ಎದುರು ಬಂದವರು ಮುದುಕ ಮದುಮಗನನ್ನು ನೋಡಿ ನಗುತ್ತಿದ್ದರು.

ರೆಕ್ಕೆಗಳು ಹೊಂಡದಲ್ಲಿ ಬಿದ್ದಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಗಾಳಿ ಎಂಥದಿತ್ತೆಂದರೆ, ಅಂಗಳದ ಹಗ್ಗದ ಮೇಲಿನ ಅರಿವೆ ಕೂಡ ಹಾರಿರಲಿಲ್ಲ. ನಟ್ ಸಡಿಲಾಗಿ, ಪಿನ್ ಕತ್ತರಿಸಿ ಹೋಗಿತ್ತು. ತೇಲುತ್ತಿದ್ದ ಕ್ಯಾನ್ವಾಸಿನ ಮೇಲೆ ಆರು ಬಾತುಕೋಳಿ ಸಾಲಾಗಿ ಕುಳಿತಿದ್ದವು.

“ನಂದೂ ತಪ್ಪೈತಿ ಮಿಸ್ತ್ರಿ” ಎಂದರು ಸಾಹೇಬರು. “ಕಟ್ಟ್ರಿ ಅಂದಿದ್ದಿ. ನೋಡಾಕ ಮಂದಿ ಬಂದ್ರು, ನಾನ ಬಿಚ್ಚಿ ಬಿಟ್ಟೆ.”

“ಇಲ್ರಿ ಸಾಹೇಬ್ರ. ಪಟ್ಟಿ ಉಲ್ಟಾ ಹಾಕಿದಾಂವ ನಾ. ತಪ್ಪ ನಂದು.”

ನಾನು ಬಾಯಿ ತೆರೆದೆ. ಅವನೇ ಒಪ್ಪಿಕೊಂಡ ಮೇಲೆ ನನ್ನ ಮಾತು ಯಾತಕ್ಕೆ ಎಂದು ಮತ್ತೆ ಮುಚ್ಚಿದೆ. ಖರೇ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಹಗುರವೆನಿಸಿತು. ಇಂದಿಗೂ ನನ್ನನ್ನು ಚುಚ್ಚುವುದು ಆ ಹಗುರ.

ಮದುವೆ ಚೆನ್ನಾಗಿ ಆಯಿತು. ಗಿರಣಿ ಬಲಕ್ಕೆ ತಿರುಗಿದ್ದರಿಂದ ಆಯಿತೋ, ಅಡಿಗೆಯವರು ಚೆನ್ನಾಗಿದ್ದದ್ದರಿಂದ ಆಯಿತೋ ಹೇಳಲಾರೆ. ಅದಾದ ಮೇಲೆ ಅಣ್ಣ ಬದಲಾದ. ಟೇಪು ಕಿಸೆಯಿಂದ ಹೊರಗೆ ಬಂತು. ಒಂದು ಪಟ್ಟಿಯನ್ನು ಮೂರು ಸಲ ಅಳೆಯುವನು, ನಾಲ್ಕನೆಯ ಸಲ ನನ್ನನ್ನು ಕರೆಯುವನು. “ತಂಗಿ, ಎಷ್ಟ ಐತಿ ನೋಡಬೇ.” ಐದನೇ ಇಯತ್ತೆಯವಳು ಹೇಳಿದ ಮೇಲೆಯೇ ಕತ್ತರಿಸುವನು. ಪಕ್ಕದ ಶೆಡ್ಡಿನವರು ಕರೆದರೆ, “ಬ್ಯಾರೇ ಯಾರಿಗರೆ ತೋರಸ್ರಿ” ಅನ್ನುವನು.

ಕಣ್ಣಿನ ಡಾಕ್ಟರ ಬಳಿ ಹೋದ. ಕಣ್ಣುಗಳು ಹದಿನೆಂಟರ ಹುಡುಗನ ಕಣ್ಣಿನ ಹಾಗಿವೆ ಎಂದರಂತೆ. ಮನೆಗೆ ಬಂದವನಿಗೆ ಚಿಂತೆ ಇಮ್ಮಡಿಯಾಗಿತ್ತು. “ಕಣ್ಣ ಛಲೋ ಅದಾವು ಅಂದ್ರ ತಲಿ ಕೆಟ್ಟೇತಿ ಅಂತ ಆತು.” ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಹಿಂಡಲಗಾದ ತನ್ನ ಮನೆಯನ್ನೇ ಮರೆತು ಪಕ್ಕದ ಮನೆಯಲ್ಲಿ ಊಟಕ್ಕೆ ಕುಳಿತುಬಿಡುತ್ತಿದ್ದ. ತನಗೂ ಅದೇ ಸುರುವಾಯಿತೆಂದು ಅಣ್ಣ ನಂಬಿಬಿಟ್ಟ. ವೈನಿ ದಿನಾ ಬೆಳಿಗ್ಗೆ ನೆನೆಸಿದ ಬದಾಮಿ ತಿನ್ನಿಸತೊಡಗಿದಳು. “ನೀನೂ ನಾಕ ತಿನ್ನ, ನಿಮ್ಮ ಮನೆತನದ ರೋಗ ಇರಬೇಕ ಇದು” ಎಂದು ನನ್ನ ಕೈಗೂ ಹಾಕುವಳು. ನಾನು ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡುಬಿಡುತ್ತಿದ್ದೆ. ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನ ಹೋದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಇನ್ನೊಂದು ಪ್ರಶ್ನೆ ದೊಡ್ಡದಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಸಾಹೇಬರು ಮತ್ತೆ ಬಂದರು. “ಮಿಸ್ತ್ರಿ, ಎಬ್ಬಿಸೂಣು.”

ಅಣ್ಣ ತಲೆ ಅಲ್ಲಾಡಿಸಿದ. “ಬ್ಯಾರೇ ಮಿಸ್ತ್ರಿನ ನೋಡ್ರಿ. ನಂದ ನನಗ ಭರೋಸಾ ಇಲ್ಲ. ಯುಗಾದಿಗೆ ಶೆಡ್ ಬಿಡಬೇಕಂತ ಮಾಡೇನಿ. ಯಾರದರೆ ಟ್ರೇಲರ್ ದಾರ್‍ಯಾಗ ಮುರದ ಬಿದ್ರ ಏನ ಮಾಡೂದು?”

ಶೆಡ್ ಬಿಡುವ ಮಾತು ನಾನು ಕೇಳಿದ್ದು ಅದೇ ಮೊದಲು. ವೈನಿಯ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು. ನನ್ನ ಮಷಿನ್ ತಾನಾಗಿ ನಿಂತಿತು.

“ಸಾಹೇಬ್ರ, ಪಟ್ಟಿ ತಿರುವಿದಾಕಿ ನಾ” ಅಂದೆ. “ಅಣ್ಣಾ ಸರಿಯಾಗೇ ಹಾಕಿದ್ದ.”

ಅಣ್ಣ ನನ್ನನ್ನು ಯಾಕೆ ಎಂದು ಕೇಳಲಿಲ್ಲ. “ಬಾಣಾ?” ಅಂದ.

“ಒರಸಿದೆ.”

“ಯಾತರಲೇ?”

“ಹಸಿ ಅರಿವಿಲೆ.”

“ಅಂದ್ರ ನಾ ಬಾಣಾ ಹಾಕಿದ್ದೆ?”

“ನಾಲ್ಕಕ್ಕೂ ಹಾಕಿದ್ದಿ.”

ಅವನು ಹಳೆಯ ಟೈರಿನ ಮೇಲೆ ಕುಳಿತ. ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಸಿಟ್ಟು ಬಂತು, ಆದರೆ ಅದು ಮೊದಲು ಹರಿದದ್ದು ಬೇರೆ ಕಡೆಗೆ. “ಆರ ತಿಂಗಳ ನನಗ ಬದಾಮಿ ತಿನ್ನಿಸಿದ್ರಲ್ಲ, ಅದೂ ಸಿಪ್ಪಿ ಸುಲದು!”

“ತಿಂದದ್ದ ದಂಡ ಆಗಿಲ್ಲ, ಮಾರಿ ಕಳಿ ಏರೇತಿ” ಅಂದಳು ವೈನಿ. ಅಂದವಳೇ ಅಳತೊಡಗಿದಳು.

ಸಾಹೇಬರು ನಗಬಾರದೆಂದು ಬಹಳ ಹೊತ್ತು ತಡೆದುಕೊಂಡಿದ್ದರು. ಯಾಕೆ ತಿರುವಿದೆ ಎಂದು ಅವರು ಕೇಳಿದರು. ಮಣ್ಣಿಗೆ ಹೋಗುವ ಎಡಸುತ್ತಿನ ಮಾತು ಹೇಳಿದೆ. ಅವರು ಲೋಟ ಕೆಳಗಿಟ್ಟು, ಹಾಲೆಂಡಿನವರಲ್ಲೂ ಗಿರಣಿಗೆ ಶಕುನವಿದೆ ಎಂದರು. ಮನೆಯಲ್ಲಿ ಮದುವೆ ಇದ್ದರೆ, ಇನ್ನೇನು ಒಂದು ರೆಕ್ಕೆ ನೆಟ್ಟಗೆ ಮೇಲಕ್ಕೆ ಬರಬೇಕು ಅನ್ನುವಲ್ಲಿ ಗಿರಣಿ ನಿಲ್ಲಿಸುತ್ತಾರಂತೆ, ಸುಖ ಬರುತ್ತಿದೆ ಎಂದು. ಸಾವಾದರೆ ಆ ಜಾಗ ದಾಟಿಸಿ ನಿಲ್ಲಿಸುತ್ತಾರಂತೆ, ಹೋದರು ಎಂದು. “ಅಲ್ಲಬೇ ತಂಗಿ, ನನ್ನ ಕೇಳಿದ್ರ ಲಗ್ನದ ದಿನಾ ಹಂಗ ನಿಲ್ಲಸ್ತಿದ್ನೆಲ್ಲ” ಎಂದರು. ಕೇಳದೆ ಮಾಡಿದ ನನ್ನ ತಪ್ಪನ್ನು ಅವರು ಒಂದೇ ಮಾತಿನಲ್ಲಿ ತೋರಿಸಿಬಿಟ್ಟಿದ್ದರು.

ಅಣ್ಣ ಎಂಟು ದಿನ ನನ್ನ ಜೊತೆ ಮಾತು ಬಿಟ್ಟ. ಮೂರು ಮಾರು ದೂರದಲ್ಲಿ ಕುಳಿತವಳಿಗೆ ವೈನಿಯ ಕೈಯಲ್ಲಿ ಹೇಳಿಕಳಿಸುವನು. “ಆಕಿಗೆ ಹೇಳ, ಕ್ಯಾನ್ವಾಸ್ ಹೊಸಾದ ತರಸು ಅಂತ.” ವೈನಿ ನನ್ನ ಕಡೆ ತಿರುಗಿ, “ಕೇಳಿಸ್ತಿಲ್ಲೋ?” ಅನ್ನುವಳು. ನಾನು, “ಕೇಳಿಸ್ತು ಅಂತ ಹೇಳ ವೈನಿ” ಅನ್ನುವೆ. ಒಂಬತ್ತನೆಯ ದಿನ ವೈನಿ, “ನಾ ಏನ ನಿಮ್ಮ ಪೋಸ್ಟಮನ್ ಅಲ್ಲ” ಎಂದು ಮನೆಗೆ ಹೋಗಿಬಿಟ್ಟಳು. ವಿಧಿಯಿಲ್ಲದೆ ಅಣ್ಣ ನನ್ನ ಕಡೆ ನೋಡದೆ, “ಚಹಾ ಐತೇನ?” ಅಂದ.

ಆದರೆ ಆ ಎಂಟು ದಿನಗಳಲ್ಲೇ ನಾನು ಒಂದನ್ನು ನೋಡಿದ್ದೆ. ಟೇಪು ಕಿಸೆಗೆ ವಾಪಸು ಹೋಗಿತ್ತು. ಅಣ್ಣ ಹೊಸ ರೆಕ್ಕೆಯ ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡಿದ, ಗೆರೆ ಎಳೆದ, ಒಂದೇ ಸಲಕ್ಕೆ ಕತ್ತರಿಸಿದ. ಕಿಡಿಗಳು ಹಾರಿದವು. ನಾನು ತಲೆ ತಗ್ಗಿಸಿ ರಿಂಗ್ ಬಡಿಯುತ್ತ ಹೋದೆ, ಕಣ್ಣಿನ ನೀರು ಕ್ಯಾನ್ವಾಸಿನ ಮೇಲೆ ಬೀಳದಂತೆ.

ಮೂರನೆಯ ಸಲ ರೆಕ್ಕೆ ಏರಿಸುವಾಗ ಪಟ್ಟಿಯ ಹತ್ತಿರ ನನ್ನನ್ನು ಬಿಡಲಿಲ್ಲ. ನನ್ನ ಕೆಲಸ ಬಟ್ಟೆ ಬಿಗಿಯುವುದಷ್ಟೇ. ಅದನ್ನೂ ಮುಗಿಸಿದ ಮೇಲೆ ಅವನು ಸುತ್ತು ಬಂದು ಒಂದೊಂದೇ ಗಂಟನ್ನು ಎಳೆದು ನೋಡಿದ. ಹಿಂದೆಂದೂ ನನ್ನ ಕೆಲಸವನ್ನು ಅವನು ಎಳೆದು ನೋಡಿದವನಲ್ಲ. ಆರು ತಿಂಗಳು ಅವನನ್ನು ತಿಂದ ಅನುಮಾನ ಈಗ ನನ್ನ ಕಡೆ ಬಂದಿತ್ತು. ಅದು ಮೊದಲೇ ಇರಬೇಕಾಗಿದ್ದದ್ದು ಅಲ್ಲಿಯೇ.

“ಈ ಗಂಟ ಸಡ್ಲ ಐತಿ” ಅಂದ.

ಸಡಿಲಾಗಿರಲಿಲ್ಲ. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಅವನು ಇನ್ನೊಮ್ಮೆ ಎಳೆದು ನೋಡಿ, “ಹೂಂ, ನಡಿ, ಮುಂದಿನ ಗಂಟ ತೋರಸು” ಎಂದ.